ಫಾರ್ಸಿಯಲ್ಲಿ ಚಳಿ, ಹಸಿವು, ನಿದ್ದೆ: ‘ನನಗೆ’ ಹಿಡಿದು ದಾರಿ ಮಾಡಿಕೊಂಡದ್ದು

ಕನ್ನಡ ಇಟ್ಟುಕೊಂಡು ಫಾರ್ಸಿ (ಇರಾನಿನ ಪರ್ಷಿಯನ್ ಭಾಷೆ) ಕಲಿಯೋಕಾಗಲ್ಲ, ಇಂಗ್ಲಿಷ್ ಮೂಲಕವೇ ಹೋಗು ಅಂದವರು ಬೇಕಾದಷ್ಟು ಜನ. ಆ ದಾರಿಯಲ್ಲಿ ಗಂಟೆಗೆ ಸುಮಾರು 800 ರೂಪಾಯಿಯಂತೆ ಹದಿನೈದು ಪಾಠ, ಹತ್ತಿರಹತ್ತಿರ 12,000 ಖರ್ಚು. ಸಿಕ್ಕಿದ್ದು ‘ಮನ್ ಸರ್ದ್ ಹಸ್ತಮ್’. ಚಳಿ ಅಂತ ಹೇಳಹೊರಟು ‘ನಾನು ಭಾವನೆಯಿಲ್ಲದವನು’ ಅಂದಂತಾಯ್ತು. ಸರಿಯಾದದ್ದು ‘ಸರ್ದಮೆ’, ಬರವಣಿಗೆಯಲ್ಲಿ ‘ಸರ್ದಮ್ ಅಸ್ತ್’.

ಎಪ್ಪತ್ತು ಚಿಲ್ಲರೆ ಚೀಟಿಗಳಲ್ಲಿ ‘ನನಗೆ’ ಇಂದ ಶುರುವಾಗುವ ಕನ್ನಡ ವಾಕ್ಯಗಳನ್ನೇ ಬರೆದು, ಫಾರ್ಸಿಯಲ್ಲಿ ಅವು ಏನಾಗುತ್ತವೆ ಅಂತ ರಾಶಿ ಹಾಕಿದೆ. ಅಲ್ಲಿಂದ ಗಂಟು ಬಿಚ್ಚಿತು.

ಮೊದಲ ರಾಶಿ ನಮ್ಮ ಮನೆಯದೇ. ನಿದ್ದೆ ಬರ್ತಿದೆ: ಖಾಬಮ್ ಮಿಯಾದ್. ನೆನಪು ಬಂತು: ಯಾದಮ್ ಊಮದ್. ಮರೆತುಹೋಯ್ತು: ಯಾದಮ್ ರಫ್ತ್. ಅಳು ಬಂತು: ಗೆರ್ಯಮ್ ಗೆರೆಫ್ತ್. ಆದದ್ದು ಯಾರಿಗೆ ಅನ್ನೋದು ನಾಮಪದದ ಬಾಲದಲ್ಲಿ ಕೂರುತ್ತದೆ: ಅಮ್ (ನನಗೆ), ಎತ್ (ನಿನಗೆ), ಎಶ್ (ಅವನಿಗೆ, ಅವಳಿಗೆ), ಎಮುನ್ (ನಮಗೆ), ಎತುನ್ (ನಿಮಗೆ), ಎಶುನ್ (ಅವರಿಗೆ). ಕ್ರಿಯಾಪದ ಮಾತ್ರ ‘ಅದು’ ರೂಪ ಬಿಟ್ಟು ಕದಲುವುದಿಲ್ಲ. ‘ನಮಗೆ ಚಳಿ’ ಅಂದರೆ ಸರ್ದೆಮುನೆ. ಭೂತಕಾಲಕ್ಕೆ ಸರ್ದಮ್ ಬುದ್, ಇಲ್ಲ ಅನ್ನೋಕೆ ಸರ್ದಮ್ ನೀಸ್ತ್, ಈಗಷ್ಟೇ ಚಳಿ ಹತ್ತಿತು ಅಂದರೆ ಸರ್ದಮ್ ಶೊದ್.

ನಮ್ಮವರು ಎಡವುವುದು ‘ನನಗೆ’ಯನ್ನು ಪದಕ್ಕೆ ಪದ ‘ಬೆ ಮನ್’ (ಬೆ ಅಂದರೆ ‘ಗೆ’, ಮನ್ ಅಂದರೆ ‘ನಾನು’) ಮಾಡುವಲ್ಲಿ. ‘ನನಗೆ ಇಷ್ಟ’ ಅನ್ನೋಕೆ ‘ಬೆ ಮನ್ ಖೊಶ್ ಮಿಯಾದ್’ ಅಂದರೆ ಎದುರಿನವರು ಮುಖ ನೋಡುತ್ತಾರೆ. ಒತ್ತಿ ಹೇಳಬೇಕಿದ್ದರೆ ಬರೀ ‘ಮನ್’ ಮುಂದಿಡಿ, ಬಾಲ ಹಾಗೇ ಇರಲಿ: ಮನ್ ಸರ್ದಮೆ. ಇಷ್ಟವಾದ ವಸ್ತುವಿಗೆ ‘ಅಜ಼್’ (‘ಇಂದ’) ಬೇಕು: ಅಜ಼್ ಈನ್ ಚಾಯಿ ಖೊಶಮ್ ಮಿಯಾದ್, ಅಂದರೆ ‘ಈ ಚಹಾ ನನಗೆ ಇಷ್ಟ’. ಹಿಡಿಸಲ್ಲ ಅನ್ನೋಕೆ ಖೊಶಮ್ ಜಾಗಕ್ಕೆ ಬದಮ್ ಹಾಕಿದರಾಯ್ತು.

ಎರಡನೇ ರಾಶಿ ಮೋಸದ್ದು. ಕನ್ನಡದಲ್ಲಿ ‘ನನಗೆ’, ಫಾರ್ಸಿಯಲ್ಲಿ ಸೀದಾ ‘ನಾನು’. ಭಯ ಆಗುತ್ತೆ: ಮಿತರ್ಸಮ್. ಅರ್ಥ ಆಯ್ತು: ಫಹ್ಮಿದಮ್. ಗೊತ್ತು: ಮಿದುನಮ್. ಕೋಪ ಬಂತು: ಅಸಬಾನಿ ಶೊದಮ್. ಸುಸ್ತಾಗಿದೆ: ಖಸ್ತಮ್. ಆಡುಮಾತಿನಲ್ಲಿ ಹಸಿವೆಗೆ ಗೊರೊಸ್ನಮೆ, ಬಾಯಾರಿಕೆಗೆ ತೆಶ್ನಮೆ ಅಂತ ಮೊದಲ ರಾಶಿಯ ಹಾಗೇ ಅಂತಾರೆ, ಆದರೆ ‘ಖಸ್ತಮೆ’ ಇಲ್ಲ. ಈ ಒಂದು ಪದಕ್ಕೆ ಮೂರು ವಾರ ಹೋಯ್ತು.

ಮೂರನೇ ರಾಶಿಯಲ್ಲಿ ನಮ್ಮ ಒಂದು ಮಾತು ಅಲ್ಲಿ ಎರಡಾಗುತ್ತದೆ. ‘ನಿದ್ದೆ ಬರ್ತಿಲ್ಲ’ ಅಂತ ನಾವು ಎರಡಕ್ಕೂ ಅನ್ನುತ್ತೇವೆ. ಅವರಲ್ಲಿ ತೂಕಡಿಕೆಯೇ ಇಲ್ಲದಿದ್ದರೆ ಖಾಬಮ್ ನೆಮಿಯಾದ್. ಮಲಗಿ ಹೊರಳಾಡುತ್ತಿದ್ದರೆ ಖಾಬಮ್ ನೆಮಿಬರೆ. ‘ಬೊರ್ದನ್’ ಅಂದರೆ ಒಯ್ಯು, ನಿದ್ದೆ ಬಂದು ಒಯ್ಯುವುದಿಲ್ಲ ಅಂತ. ನಮ್ಮ ‘ನಿದ್ದೆ ಹತ್ತಿತು’ಗೆ ಖಾಬಮ್ ಬೊರ್ದ್. ತಾನಾಗಿ ಮಲಗಿದ್ದಕ್ಕೆ ಖಾಬಿದಮ್, ಅಲ್ಲಿ ‘ನಾನು’ ವಾಪಸ್ಸು.

ನಡುವೆ ‘ದೆಲ್’ ಹಿಂದೆ ಬಿದ್ದು ನಾಲ್ಕೈದು ದಿನ ಕಳೆದೆ, ಅದೇನೂ ದಂಡವಾಗಲಿಲ್ಲ. ಹಿಂದಿ ಹಾಡು ಕೇಳಿ ಬೆಳೆದವರಿಗೆ ದೆಲ್ ಅಂದರೆ ಹೃದಯ. ಅವರ ದಿನಬಳಕೆಯಲ್ಲಿ ದೆಲಮ್ ದರ್ದ್ ಮಿಕೊನೆ ಅಂದರೆ ಹೊಟ್ಟೆನೋವು, ಪ್ರೇಮವೈಫಲ್ಯ ಅಲ್ಲ. ದೆಲಮ್ ಬರಾಶ್ ಸೂಖ್ತ್ ಅಂದರೆ ‘ಅವನಿಗಾಗಿ ದೆಲ್ ಸುಟ್ಟಿತು’. ಅದನ್ನು ನಮ್ಮ ಹೊಟ್ಟೆಉರಿ ಅಂದುಕೊಂಡರೆ ಕೆಟ್ಟಿರಿ, ಕರುಳು ಚುರ್ ಅಂತು ಅನ್ನೋ ಅರ್ಥ ಅದು. ಬೇಜಾರಿಗೆ ಹೊಸೆಲಮ್ ಸರ್ ರಫ್ತ್. ಒಲೆ ಮೇಲೆ ಹಾಲು ಉಕ್ಕಿದ್ದಕ್ಕೂ ಇದೇ ಸರ್ ರಫ್ತ್, ಹಾಗಾಗಿ ಒಮ್ಮೆ ಕೇಳಿದರೆ ಮರೆಯಲ್ಲ.

ಕಾಲದಲ್ಲೂ ಒಂದು ಗುಂಡಿ ಇದೆ. ನೀನಿಲ್ಲದೆ ಈಗ ಬೇಸರ ಅನ್ನೋಕೆ ದೆಲಮ್ ಬರಾತ್ ತಂಗ್ ಶೊದೆ, ‘ಆಗಿದೆ’ ರೂಪ. ‘ಮಿಶೆ’ ಅಂದರೆ ಮುಂದೆ ಆಗುತ್ತೆ ಅಂತಾಗಿ, ಬೀಳ್ಕೊಡುಗೆಯ ಮಾತಾಗುತ್ತದೆ.

ಕಡೆಯದಾಗಿ ದೆಲಮ್ ಮಿಖಾದ್. ‘ಹೋಗಬೇಕು ಅನಿಸ್ತಿದೆ’ ಅಂದರೆ ದೆಲಮ್ ಮಿಖಾದ್ ಬೆರಮ್. ಮಿಖಾದ್ ಅಲ್ಲಾಡುವುದಿಲ್ಲ, ಎರಡನೇ ಕ್ರಿಯಾಪದ ಮಾತ್ರ ಆಸೆಪಟ್ಟವರ ಜೊತೆ ಬದಲಾಗುತ್ತದೆ: ದೆಲೆತ್ ಮಿಖಾದ್ ಬೆರಿ, ದೆಲೆಮುನ್ ಮಿಖಾದ್ ಬೆರಿಮ್. ಎರಡನ್ನೂ ಹೆಪ್ಪುಗಟ್ಟಿಸಿಬಿಡುವ ಚಟ ನನಗೆ ಬಿಡಲು ಇಪ್ಪತ್ತು ದಿನ ಬೇಕಾಯ್ತು, ದಿನಕ್ಕೆ ಹತ್ತು ಚೀಟಿ ಗಟ್ಟಿಯಾಗಿ ಓದಿ.