ಅಂಬರಿನೊಳಗಿನ ಸೂಕ್ಷ್ಮಜೀವಿಗಳನ್ನು ನಾನು ನೋಡಿದ ಬಗೆ

ಗುಜರಾತಿನ ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯ ಅಂಬರಿನ, ಅಂದರೆ ಶಿಲೆಯಂತೆ ಗಟ್ಟಿಯಾದ ಮರದ ರಾಳದ, ಕೆಲವು ಚೂರುಗಳು ಭೂವಿಜ್ಞಾನಿ ಗೆಳೆಯರೊಬ್ಬರ ಮೂಲಕ ಧಾರವಾಡದ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಬಂದಾಗ, ಅವುಗಳಿಂದ ಬ್ಯಾಕ್ಟೀರಿಯಾ ಬೆಳೆಸಬಹುದೇ ಎಂದು ವಿದ್ಯಾರ್ಥಿಗಳು ಕೇಳಿದರು. ಡೊಮಿನಿಕನ್ ಗಣರಾಜ್ಯದ ಅಂಬರಿನಲ್ಲಿ ಸಿಲುಕಿದ್ದ, ನಮ್ಮ ನಸರಿ ಜೇನಿನ ಬಳಗಕ್ಕೆ ಸೇರಿದ ನೊಣವೊಂದರ ಹೊಟ್ಟೆಯಿಂದ 2.5ರಿಂದ 4 ಕೋಟಿ ವರ್ಷ ಹಳೆಯ, ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳನ್ನು (ಸುಪ್ತ ಸ್ಥಿತಿಯ ಗಟ್ಟಿ ಕೋಶಗಳನ್ನು) ಚಿಗುರಿಸಿದ್ದಾಗಿ ರಾವುಲ್ ಕಾನೊ ಮತ್ತು ಮೋನಿಕಾ ಬೊರುಕಿ 1995ರಲ್ಲಿ ಪ್ರಕಟಿಸಿದ್ದನ್ನು ಅವರು ಓದಿದ್ದರು. ಆದರೆ ಬ್ಯಾಸಿಲಸ್ ಇಂದಿನ ಮಣ್ಣಿನಲ್ಲಿಯೂ ಹೇರಳವಾಗಿದೆ. ಬೇಸಿಗೆಯಲ್ಲಿ ಕಿಟಕಿ ಮುಚ್ಚಿದರೂ ಕೆಂಪು ಧೂಳು ಒಳಬರುವ ಕೋಣೆಯಲ್ಲಿ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಯ ಮೇಲೆ ಏನು ಬೆಳೆದರೂ ಅದು ಧಾರವಾಡದ್ದಲ್ಲವೆಂದು ಸಾಧಿಸಲು ನಮ್ಮಲ್ಲಿ ಸಾಧನವಿರಲಿಲ್ಲ. ಆದ್ದರಿಂದ ಬೆಳೆಸುವುದನ್ನು ಬಿಟ್ಟು ನೋಡುವುದನ್ನು ಆರಿಸಿಕೊಂಡೆ.

ಸುಮಾರು 5 ಕೋಟಿ ವರ್ಷ ಹಳೆಯದಾದ ಈ ಅಂಬರ್ ಟೊಲೀನ್, ಕ್ಲೋರೋಫಾರ್ಮ್‌ಗಳಲ್ಲಿ ಬಹುಮಟ್ಟಿಗೆ ಕರಗುತ್ತದೆಯಾದ್ದರಿಂದ ಅಂಥ ದ್ರಾವಕಗಳನ್ನು ಮೇಜಿನಿಂದಲೇ ದೂರವಿಟ್ಟೆ. ಒಣದಾಗಿ ಉಜ್ಜಿದರೆ ಬಿಸಿಗೆ ಮೆತ್ತಗಾಗುವುದರಿಂದ, ನೀರು ಹನಿಸುತ್ತ ನಯವಾದ ಉಜ್ಜುಕಾಗದದ ಮೇಲೆ ಚೂರನ್ನು ತೆಳ್ಳಗೆ ಸವೆಸಿದೆ. ಉಳಿದ ಸಣ್ಣ ಗೀರುಗಳು ಮೇಲೊಂದು ನೀರಹನಿ ಹಾಕಿ ತೆಳುಗಾಜಿನ ಕವರ್ ಸ್ಲಿಪ್ ಮುಚ್ಚಿ ಸೂಕ್ಷ್ಮದರ್ಶಕದಡಿ ನೋಡಿದರೆ ಬಹುತೇಕ ಮರೆಯಾಗುತ್ತವೆ.

ಕಷ್ಟ ಇರುವುದು ಇದಾದ ಮೇಲೆ. ಅಂಬರಿನೊಳಗೆ ದುಂಡಗಿನ, ಉದ್ದನೆಯ, ಬಾಲವಿರುವ ಆಕಾರಗಳು ಬೇಕಾದಷ್ಟು ಸಿಗುತ್ತವೆ; ಅವುಗಳಲ್ಲಿ ಹೆಚ್ಚಿನವು ಗಾಳಿಗುಳ್ಳೆಗಳು ಅಥವಾ ಗಟ್ಟಿಯಾದ ರಸದ ಹನಿಗಳು. ಏಕಕೋಶ ಜೀವಿಗಳೆಂದು ಹಿಂದೆ ವರ್ಣಿತವಾದ ಎಷ್ಟೋ ಆಕಾರಗಳನ್ನು ಸಂಶೋಧಕರು ಆಮೇಲೆ ಹೀಗೆಯೇ ಕೈಬಿಟ್ಟಿದ್ದಾರೆ. ಹೋಲಿಸಿ ನೋಡಲು ನಮಗೆ ಜೀವಂತ ಮರವೊಂದರ ನೆರವು ಸಿಕ್ಕಿತು. ಈ ಅಂಬರನ್ನು ಸ್ರವಿಸಿದ ಮರಗಳು ಡಿಪ್ಟೆರೋಕಾರ್ಪೇಸಿ ಕುಟುಂಬದವು. ಪಶ್ಚಿಮಘಟ್ಟದ ಧೂಪದ ಮರವೂ ಅದೇ ಕುಟುಂಬದ್ದು. ಅದರ ರಾಳವನ್ನು ತರಿಸಿ ಅದೇ ರೀತಿ ಸವೆಸಿ ನೋಡಿದಾಗ, ಜೀವಿಯ ಗುರುತೇ ಇಲ್ಲದ ಭಾಗದಲ್ಲಿಯೂ ಕೋಶದಂತೆ ತೋರುವ ಗುಳ್ಳೆಗಳು ಕಂಡವು. ವಿದ್ಯಾರ್ಥಿಗಳ ಕಣ್ಣು ಪಳಗಿದ್ದು ಇದರಿಂದಲೇ ಎಂಬುದು ನನ್ನ ದೃಢ ಅಭಿಪ್ರಾಯ.

ಶಿಲೀಂಧ್ರದ್ದೆಂದು ತೋರುವ ಎಳೆಗಳು ಕಂಡಾಗ ಎರಡು ಸಂಗತಿಗಳನ್ನು ಕೇಳಿಕೊಂಡೆವು: ಎಳೆಯ ದಪ್ಪ ಒಂದೇ ಸಮನಾಗಿದ್ದು ಅದಕ್ಕೆ ಅಡ್ಡಗೋಡೆಗಳಿವೆಯೇ, ಮತ್ತು ಅದು ಹೊರಟಿದ್ದೆಲ್ಲಿಂದ. ಹೊರಮೈಗೆ ತೆರೆದ ಬಿರುಕಿನಿಂದ ಹೊರಟ ಎಳೆ ಗಣಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಬೆಳೆದ ಈಚಿನ ಬೂಷ್ಟಾಗಿರಬಹುದು. ರಾಳ ಪದರಪದರವಾಗಿ ಹರಿಯುತ್ತದೆ. ಒಂದು ಪದರದ ಮೈಮೇಲೆ ಹಬ್ಬಿ, ಮುಂದಿನ ಪದರದಡಿ ಪೂರ್ತಿ ಮುಚ್ಚಿಹೋದ ಎಳೆಯನ್ನು ಮಾತ್ರ ಆ ಕಾಲದ್ದೆಂದು ನಂಬಬಹುದು. ಅಂಥದೊಂದು, ಸ್ಪಷ್ಟ ಅಡ್ಡಗೋಡೆಗಳಿದ್ದ ಕವಲೆಳೆ, ಜೇನುಬಣ್ಣದ ಚೂರೊಂದರಲ್ಲಿ ಸಿಕ್ಕಿದ ಸಂತೋಷ ದೊಡ್ಡದು. ಆಕಾರವಷ್ಟೇ ನೋಡಿ ಶಿಲೀಂಧ್ರದ ಪ್ರಭೇದವನ್ನು ಹೆಸರಿಸಲಾಗದು. ಆದ್ದರಿಂದ ದಾಖಲೆಯಲ್ಲಿ ಪದರದ ಸ್ಥಾನ, ಎಳೆಯ ದಪ್ಪ, ಕವಲಿನ ಕೋನಗಳನ್ನಷ್ಟೇ ಬರೆದು, ಪಕ್ಕದಲ್ಲಿ ಧೂಪದ ರಾಳದ ಚಿತ್ರವನ್ನು ಅಂಟಿಸಿದ್ದೇವೆ.