ಕನ್ನಂಬಾಡಿಯಿಂದ ಗಗನಚುಕ್ಕಿಗೆ: ನಾಲೆ ಏರಿಯ ಮೇಲೆ ಸೈಕಲ್ ಸವಾರಿ ಹೇಗೆ?

ಮೈಸೂರು, ಮಂಡ್ಯ ಸೀಮೆಯಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಮೊದಲು ಹೋಗುವುದು ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್. ಜಲಾಶಯದ, ಮಟ್ಟದ ಕಡೆಗೆ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಬೇಸಾಯಗಾರರಿಗೆ ಅದು ಭತ್ತದ ಲೆಕ್ಕ. ಕಾವೇರಿ ಬಯಲಿನಲ್ಲಿ ಸೈಕಲ್ ತುಳಿಯಲು ಹೊರಟವರಿಗೂ ಪ್ರವಾಸದ ಲೆಕ್ಕ ಅಲ್ಲಿಂದಲೇ ಶುರು. ಮೊಬೈಲಿನ ನಕ್ಷೆಯಲ್ಲಿ ನಾಲೆ ವರ್ಷಪೂರ್ತಿ ಒಂದೇ ನೀಲಿ ಗೆರೆ. ನಿಜದ ನಾಲೆ ಒಂದು ತಿಂಗಳು ತುಂಬಿ ಹರಿಯುತ್ತದೆ, ಇನ್ನೊಂದು ತಿಂಗಳು ಹೂಳು, ಜೊಂಡು, ಪ್ಲಾಸ್ಟಿಕ್ ತೋರಿಸುತ್ತ ಬಿದ್ದಿರುತ್ತದೆ. ಆದ್ದರಿಂದ ರಜೆ ಹಾಕುವ ಮೊದಲು ನೀರು ನೋಡಿ.

ಯಾವಾಗ ಹೊರಡಬೇಕು

ಮುಂಗಾರು ಕೈಕೊಡದಿದ್ದರೆ ಜುಲೈ, ಆಗಸ್ಟ್ ಹೊತ್ತಿಗೆ ನಾಲೆಗಳಿಗೆ ನೀರು ಬರುತ್ತದೆ. ಆದರೆ ಆಗ ಹೊರಡಬೇಡಿ. ಕೊಡಗಿನಲ್ಲಿ ಮಳೆ ಜೋರಾದರೆ ಕಟ್ಟೆಯಿಂದ ನದಿಗೆ ಬಿಡುವ ನೀರು ಹೆಚ್ಚುತ್ತದೆ, ಶ್ರೀರಂಗಪಟ್ಟಣದ ಸ್ನಾನಘಟ್ಟಗಳು ಮುಳುಗುತ್ತವೆ, ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ. ನಾಟಿಯ ಕೆಲಸ ಬೇರೆ; ಗದ್ದೆ ಉತ್ತ ಟ್ರ್ಯಾಕ್ಟರ್‌ಗಳು ಕೇಜ್‌ವೀಲಿನ ಕೆಸರನ್ನೆಲ್ಲ ಏರಿಯ ಮೇಲೆ ಸುರಿದು ಹೋಗಿರುತ್ತವೆ.

ನನ್ನ ಆಯ್ಕೆ ನವೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಭತ್ತ ಹೊಂಬಣ್ಣಕ್ಕೆ ತಿರುಗಿರುತ್ತದೆ, ಏರಿ ಒಣಗಿ ಗಟ್ಟಿಯಾಗಿರುತ್ತದೆ, ಆಲೆಮನೆಗಳಲ್ಲಿ ಒಲೆ ಉರಿಯುತ್ತಿರುತ್ತದೆ. ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ಹೋಗುವವರು ಆ ಕಟ್ಟಿನ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನೀರು ನಿಂತ ದಿನಗಳಲ್ಲಿ ದುರಸ್ತಿ ಕೆಲಸ ಶುರುವಾದರೆ ಜಲ್ಲಿ ಲಾರಿಗಳು ಏರಿಯನ್ನು ಕಿತ್ತುಹಾಕಿರುತ್ತವೆ.

ಯಾವ ನಾಲೆ

ಇಲ್ಲಿ ಎರಡು ಕಾಲದ ನಾಲೆಗಳಿವೆ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಚೀಫ್ ಎಂಜಿನಿಯರ್ ಆಗಿದ್ದಾಗ. ಅದರ ಎಡದಂಡೆಯಿಂದ ಹೊರಡುವ ದೊಡ್ಡ ನಾಲೆಗೆ ಮೊದಲಿದ್ದ ಹೆಸರು ಇರ್ವಿನ್ ನಾಲೆ. ಈಗ ವಿಶ್ವೇಶ್ವರಯ್ಯ ನಾಲೆ, ಊರವರ ಬಾಯಲ್ಲಿ ವಿ.ಸಿ. ನಾಲೆ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಒಣನೆಲವನ್ನು ಕಬ್ಬಿನ ನಾಡು ಮಾಡಿದ್ದು ಇದೇ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದೂ ಇದರ ಬೆನ್ನಿಗೆ.

ಇನ್ನೊಂದು ಗುಂಪು ಕಟ್ಟೆಗಿಂತ ಎಷ್ಟೋ ಹಳೆಯದು. ನದಿಗೆ ಅಡ್ಡಲಾಗಿ ತಗ್ಗಾದ ಕಲ್ಲಿನ ಅಣೆ ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿದ ನಾಲೆಗಳಿವು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನ ಚಿಕ್ಕದೇವರಾಜಸಾಗರ ನಾಲೆ (ಸಿ.ಡಿ.ಎಸ್. ಎಂದರೇ ಗೊತ್ತಾಗುವುದು), ಬಲದಂಡೆಯ ವಿರಿಜಾ, ನದಿಯ ಕವಲನ್ನೇ ಮೇಲ್ಗಾಲುವೆಯಲ್ಲಿ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುವ ಬಂಗಾರದೊಡ್ಡಿ.

ಸೈಕಲ್ಲಿಗೆ ಹಳೆಯ ನಾಲೆಗಳೇ ಸರಿ. ಕಾರಣ ಬರೀ ಅಂದವಲ್ಲ. ಹಳಬರು ಬೆಟ್ಟ ಕೊರೆಯಲಿಲ್ಲ; ನೆಲದ ಮಟ್ಟ ಹಿಡಿದು, ದಿಣ್ಣೆ ಬಂದಲ್ಲಿ ಬಳಸಿಕೊಂಡು, ನೀರು ತಾನೇ ಹರಿಯುವಷ್ಟು ಮಾತ್ರ ಇಳಿಜಾರು ಕೊಟ್ಟರು. ಏರಿಯ ಮೇಲೆ ಗೇರ್ ಬದಲಿಸುವ ಪ್ರಮೇಯವೇ ಬರುವುದಿಲ್ಲ. ಬದಲಿಗೆ ತೆರಬೇಕಾದ್ದು ದೂರ: ಎದುರಿಗೆ ಕಾಣುವ ಊರಿಗೆ ನಾಲೆ ಅಂಕುಡೊಂಕಾಗಿ ಎರಡರಷ್ಟು ಸುತ್ತಿಸಬಹುದು. ವಿ.ಸಿ. ನಾಲೆಯಾದರೋ ಹುಲಿಕೆರೆಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಹೊಕ್ಕು ಕಾಣೆಯಾಗುತ್ತದೆ. ನೀರು ಗುಡ್ಡದ ಅಡಿಯಲ್ಲಿ ಹೋಗುತ್ತದೆ, ನೀವು ಗುಡ್ಡ ಹತ್ತಬೇಕು.

ಅದಕ್ಕಿಂತ ದೊಡ್ಡ ಮಾತು ಅಪಾಯದ್ದು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು. ಏರಿಯ ಅಂಚಿಗೆ ತಡೆಗೋಡೆ ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಕಾಂಕ್ರೀಟ್ ಹಾಕಿದ ಭಾಗದಲ್ಲಿ ದಡ ಕಡಿದಾಗಿ, ಪಾಚಿ ಕಟ್ಟಿರುತ್ತದೆ. ಈಜು ಬಲ್ಲವರಿಗೂ ಹತ್ತಲು ಹಿಡಿತ ಸಿಗುವುದಿಲ್ಲ. ನೀರಿನ ಪಕ್ಕದ ಗಾಲಿದಾರಿ ಬಿಟ್ಟು ಗದ್ದೆಯ ಕಡೆಯ ಗಾಲಿದಾರಿಯಲ್ಲೇ ಸವಾರಿ ಮಾಡಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಶೂರತನ ಬೇಡ, ಇಳಿದು ಬದಿಗೆ ನಿಲ್ಲಿ. ಮುಖ ತೊಳೆಯಬೇಕೆನಿಸಿದರೆ ಬಟ್ಟೆ ಒಗೆಯುವ ಸೋಪಾನಗಳಿದ್ದಲ್ಲಿ ಮಾತ್ರ.

ಸೈಕಲ್ ಮತ್ತು ಸಾಮಾನು

ದುಬಾರಿ ಸೈಕಲ್ ಬೇಕಿಲ್ಲ, ಆದರೆ ರೇಸಿನ ಸಣ್ಣ ಟೈರು ಖಂಡಿತ ಬೇಡ. 38 ಮಿಲಿಮೀಟರ್ ಅಥವಾ ಅದಕ್ಕೂ ಅಗಲದ ಟೈರು, ಗಾಳಿ ಸ್ವಲ್ಪ ಕಡಿಮೆ. ಏರಿಯ ಮೇಲಿನ ಶತ್ರು ಜಾಲಿಮುಳ್ಳು. ದನಕ್ಕೆ ಅಡ್ಡ ಹಾಕಿದ ಮುಳ್ಳು ಸರಿಸಿದ ಮೇಲೂ ಚೂರುಗಳು ಅಲ್ಲೇ ಉಳಿದಿರುತ್ತವೆ. ಎರಡು ಟ್ಯೂಬು, ಪ್ಯಾಚು, ಪಂಪು ಇಲ್ಲದೆ ಹೊರಡಬೇಡಿ. ಪಂಕ್ಚರ್ ಅಂಗಡಿ ಸಿಗುವುದು ಡಾಂಬರು ರಸ್ತೆಯಲ್ಲಿ, ಮುಳ್ಳು ಸಿಗುವುದು ಏರಿಯಲ್ಲಿ.

ಬೆನ್ನಿಗೆ ಬ್ಯಾಗ್ ಹಾಕಬೇಡಿ, ಕ್ಯಾರಿಯರಿಗೆ ಕಟ್ಟಿ. ಒಂದು ಜೊತೆ ಬಟ್ಟೆ, ಎರಡು ಲೀಟರ್ ನೀರು, ಟಾರ್ಚು, ಗಟ್ಟಿ ಹಗ್ಗ ಸಾಕು.

ಕೆಸರಿನ ಬಗ್ಗೆ ಒಂದು ಮಾತು. ಅರಕೆರೆಯ ಹತ್ತಿರ ಮಳೆ ಬಿದ್ದ ಮಾರನೇ ಬೆಳಿಗ್ಗೆ, ಮೇಲೆ ಒಣಗಿದಂತೆ ಕಂಡ ಏರಿಗೆ ಸೈಕಲ್ ಹತ್ತಿಸಿದೆ. ನೂರು ಗಜದೊಳಗೆ ಮಡ್‌ಗಾರ್ಡಿನೊಳಗೆ ಎರೆಮಣ್ಣು ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತಿತು. ಹುಲ್ಲು ಕೊಯ್ಯುತ್ತಿದ್ದ ಅಜ್ಜ ಒಬ್ಬರು ಬಂದು, ಏನೂ ಕೇಳದೆ, ಕುಡುಗೋಲಿನ ತುದಿಯಿಂದ ಮಣ್ಣು ಕೆರೆದು ಕೊಟ್ಟರು. ಆಮೇಲೆ ಹೇಳಿದ್ದು ಒಂದೇ ಮಾತು: ‘ಎಮ್ಮೆನೇ ಜಾರ್ತದೆ ಇಲ್ಲಿ.’ ಮಳೆ ಬಿದ್ದರೆ ಒಂದು ದಿನ ಡಾಂಬರು ರಸ್ತೆಯಲ್ಲೇ ಹೋಗಿ.

ತಲುಪುವುದು

ಬೆಂಗಳೂರಿನಿಂದ ಸೈಕಲ್ಲಿನಲ್ಲೇ ಬರುವವರಿಗೆ ಎಚ್ಚರಿಕೆ: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅದರ ಧೂಳು ಕುಡಿಯುವ ಬದಲು ರೈಲಿನಲ್ಲಿ ಬಂದು ಶ್ರೀರಂಗಪಟ್ಟಣದಲ್ಲಿ ಇಳಿಯುವುದು ಮೇಲು. ಸೈಕಲನ್ನು ಲಗೇಜ್ ಎಂದು ಬುಕ್ ಮಾಡಿಸಬೇಕು. ರೈಲು ಹೊರಡುವ ಗಂಟೆಗೂ ಮೊದಲೇ ಪಾರ್ಸೆಲ್ ಕೌಂಟರಿನಲ್ಲಿರಿ, ಸಣ್ಣ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ಆಗುತ್ತದೆಯೇ ಎಂದು ಅಲ್ಲೇ ಕೇಳಿ. ಆಗದಿದ್ದರೆ ಮೈಸೂರಿನಲ್ಲಿ ಇಳಿದು ತುಳಿದುಕೊಂಡು ಬನ್ನಿ.

ಮೊದಲ ದಿನ: ಕಟ್ಟೆಗೆ ಹೋಗಿ ಬರುವುದು

ಮೈ ಕೈ ಪಳಗಲು ಮೊದಲ ದಿನ ಹಗುರವಾಗಿರಲಿ. ಶ್ರೀರಂಗಪಟ್ಟಣದಿಂದ ಬಲದಂಡೆಯಲ್ಲಿ ಪಾಲಹಳ್ಳಿ, ಬೆಳಗೊಳ ಹಾದು ಕಟ್ಟೆಯವರೆಗೆ, ಮತ್ತೆ ವಾಪಸ್. ವಿರಿಜಾ ನಾಲೆ ಈ ದಾರಿಯಲ್ಲಿ ಜೊತೆಗೆ ಸಿಗುತ್ತ, ತಪ್ಪುತ್ತ ಇರುತ್ತದೆ. ರಂಗನತಿಟ್ಟಿಗೆ ಬೆಳಿಗ್ಗೆ ಬೇಗ ಹೋಗಿ. ಆ ನಡುಗಡ್ಡೆಗಳು ಉಂಟಾದದ್ದೇ 17ನೇ ಶತಮಾನದ ಒಂದು ಅಣೆಯಿಂದ; 1940ರಲ್ಲಿ ಸಲೀಂ ಅಲಿ ಅವರ ಸಲಹೆಯ ಮೇಲೆ ಅದು ಪಕ್ಷಿಧಾಮವಾಯಿತು. ನೀರು ತಿರುಗಿಸಲು ಹಾಕಿದ ಕಲ್ಲು ಕೊಕ್ಕರೆಗಳಿಗೆ ಮನೆಯಾಗಿದೆ. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನೂ ನೋಡಿರಿ. ಸಂಜೆ ಯಾವುದೋ ನಿರ್ಜನ ದಡದಲ್ಲಿ ನದಿಗಿಳಿಯುವ ಆಸೆ ಹುಟ್ಟಿದರೆ ಅವುಗಳ ನೆನಪಾಗಲಿ.

ಕಟ್ಟೆಯ ಮೇಲೆ ಸೈಕಲ್ ಬಿಡುವುದಿಲ್ಲ. ಕೆಳಗಿನಿಂದಲೇ ಗೋಡೆ ನೋಡಿ: ಸಿಮೆಂಟ್ ಇಲ್ಲದೆ ಸುಣ್ಣ, ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ್ದು.

ಎರಡನೇ ದಿನ: ದಾರಿ ಕೇಳುವ ಬಗೆ

ಶ್ರೀರಂಗಪಟ್ಟಣದ ಉತ್ತರದ ಕವಲು ದಾಟಿ ಕಿರಂಗೂರು ಕಡೆಗೆ ಹೊರಳಿದರೆ ಸಿ.ಡಿ.ಎಸ್. ನಾಲೆಯ ಸೀಮೆ. ಅರಕೆರೆ, ಬನ್ನೂರು, ಸೋಮನಾಥಪುರ, ಸೋಸಲೆ. ಅಲ್ಲಿ ಸೇತುವೆ ದಾಟಿ ತಿ.ನರಸೀಪುರದಲ್ಲಿ ಮಲಗುವುದು. ಡಾಂಬರಿನಲ್ಲಿ ಸುಮಾರು 45 ಕಿ.ಮೀ., ಏರಿ ಹಿಡಿದಷ್ಟೂ ಹೆಚ್ಚು. ಪೂರ್ತಿ ಏರಿಯ ಮೇಲೇ ಹೋಗುತ್ತೇನೆಂಬ ಹಠ ಬೇಡ. ನಾಲೆ ಚೆನ್ನಾಗಿದ್ದಲ್ಲಿ ಹತ್ತಿ, ಗಿಡಗಂಟಿ ಮುಚ್ಚಿದ್ದಲ್ಲಿ ಊರ ರಸ್ತೆಗೆ ಇಳಿಯಿರಿ.

ದಾರಿ ಕೇಳುವುದೂ ಒಂದು ಕಸುಬು. ‘ಮುಂದಕ್ಕೆ ಹೋಗಬಹುದಾ’ ಎಂದರೆ ಎಲ್ಲರೂ ಹೋಗಬಹುದು ಎನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ಟ್ರ್ಯಾಕ್ಟರೋ, ಕಾಲ್ನಡಿಗೆಯೋ ಗೊತ್ತಾಗುವುದಿಲ್ಲ. ‘ಡೈರಿಗೆ ಹಾಲು ಹಾಕೋರು ಈ ಏರೀಲಿ ಬೈಕ್ ತರ್ತಾರಾ’ ಎಂದು ಕೇಳಿ. ಕ್ಯಾನ್ ಕಟ್ಟಿದ ಬೈಕ್ ಬರುವ ದಾರಿಯಲ್ಲಿ ಸೈಕಲ್ ಸಲೀಸಾಗಿ ಹೋಗುತ್ತದೆ. ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವವರು ನೀರುಗಂಟಿಗಳು, ಅಂದರೆ ಗದ್ದೆಗಳಿಗೆ ನಾಲೆಯ ನೀರು ಬಿಡುವವರು. ಯಾವ ತೂಬಿನ ಬಳಿ ಏರಿ ಒಡೆದಿದೆ, ನೀರು ಎಂದು ನಿಲ್ಲುತ್ತದೆ ಎಲ್ಲವೂ ಅವರ ನಾಲಗೆಯ ಮೇಲಿರುತ್ತದೆ. ಕೊನೆಯ ಭಾಗದ ಗದ್ದೆಗೆ ನೀರು ತಲುಪಿಲ್ಲವೆಂದು ಯಾರಾದರೂ ಅವರೊಡನೆ ಜಗಳಕ್ಕೆ ನಿಂತಿದ್ದರೆ ಮಾತ್ರ ಸ್ವಲ್ಪ ತಾಳಿ. ನಿಮ್ಮ ದಾರಿಗಿಂತ ಅದು ಮುಖ್ಯ.

ಆಲೆಮನೆಯ ಹೊಗೆ ಕಂಡರೆ ತಿರುಗಿ. ಬಿಸಿ ಬೆಲ್ಲದ ಪಾಕ ಒಂದು ಚೂರು ಕೊಡದೆ ಕಳಿಸಿದ ಆಲೆಮನೆಯನ್ನು ನಾನಿನ್ನೂ ಕಂಡಿಲ್ಲ. ಸೋಮನಾಥಪುರದ ಕೇಶವ ದೇಗುಲ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದೆ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ, ಮಧ್ಯಾಹ್ನದ ಬಿಸಿಲು ಕಳೆಯಲು ಅದಕ್ಕಿಂತ ಒಳ್ಳೆಯ ನೆರಳಿಲ್ಲ.

ಕತ್ತಲಾಗುವ ಮೊದಲು ಊರು ಸೇರುವುದು ಕಡ್ಡಾಯ. ತಿ.ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ 2023ರ ಜನವರಿವರೆಗೆ ಚಿರತೆ ದಾಳಿಗೆ ಜನ ಬಲಿಯಾಗಿದ್ದಾರೆ. ಎತ್ತರ ಬೆಳೆದ ಕಬ್ಬು ಅವುಗಳಿಗೆ ಕಾಡಿನಷ್ಟೇ ಒಳ್ಳೆಯ ಮರೆ. ಸಂಜೆ ಐದಕ್ಕೆ ಏರಿ ಬಿಟ್ಟು ರಸ್ತೆಗೆ ಬನ್ನಿ.

ಮೂರನೇ ದಿನ: ಮರಳು, ಆಮೇಲೆ ಜಲಪಾತ

ಸೋಸಲೆಗೆ ಮರಳಿ ಎಡದಂಡೆಯಲ್ಲೇ ಮುಡುಕುತೊರೆ, ತಲಕಾಡು. ತಲಕಾಡಿನ ಮರಳಿಗೆ ಅಲಮೇಲಮ್ಮನ ಶಾಪ ಕಾರಣ ಎನ್ನುವುದು ಎಲ್ಲರಿಗೂ ಬಾಯಿಪಾಠ. ಹತ್ತಿರದಲ್ಲೇ ಇರುವ ಹಳೆಯ ಮಾಧವಮಂತ್ರಿ ಅಣೆಯಿಂದ ಹರಿವು ಕುಗ್ಗಿ, ಬಯಲಾದ ಹೊಳೆಮರಳು ಗಾಳಿಗೆ ಊರಿನ ಮೇಲೆ ಬಂದಿತು ಎಂಬ ವಾದವೂ ಇದೆ. ಎರಡನೇ ದಿನವೆಲ್ಲ ನಾಲೆ ಹೊಗಳಿದವರಿಗೆ ಅಣೆಯ ಈ ಇನ್ನೊಂದು ಮುಖವೂ ಕಾಣಲಿ. ಮರಳಿನಲ್ಲಿ ಸೈಕಲ್ ತಳ್ಳಬೇಡಿ. ಚೈನಿಗೆ ಮರಳು ಸೇರಿದರೆ ಮದ್ದೂರಿನವರೆಗೂ ಕರಕರ ಎನ್ನುತ್ತದೆ. ಬೀಗ ಹಾಕಿ ನಡೆದು ಹೋಗಿ.

ಅಲ್ಲಿಂದ ಬೆಳಕವಾಡಿ ಮೇಲೆ ಶಿವನಸಮುದ್ರ. ಈವರೆಗೆ ಮಲಗಿದ್ದ ನೆಲ ಇಲ್ಲಿ ಏಳುತ್ತದೆ, ತೊಡೆ ಉರಿಯುತ್ತದೆ. ಮಳವಳ್ಳಿ ಕಡೆಯಿಂದ ಬರುವವರಿಗೆ ಎದುರಾಗುವುದು ಗಗನಚುಕ್ಕಿ. ಭರಚುಕ್ಕಿಗೆ ನದಿ ದಾಟಿ ಕೊಳ್ಳೇಗಾಲದ ಕಡೆಗೆ ಹೋಗಬೇಕು, ಕಾಲಿನಲ್ಲಿ ಕಸುವಿದ್ದರೆ ಮಾತ್ರ. ಕಣಿವೆಯೊಳಗಿನ ವಿದ್ಯುದಾಗಾರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ 147 ಕಿ.ಮೀ. ದೂರ ತಂತಿ ಎಳೆದು ಕರೆಂಟು ಕೊಟ್ಟಿದ್ದರು.

ರಾತ್ರಿ ಮಳವಳ್ಳಿಯಲ್ಲಿ ಕಳೆದು, ಬೆಳಿಗ್ಗೆ ಮದ್ದೂರಿನ ರೈಲು ನಿಲ್ದಾಣಕ್ಕೆ. ವಡೆ ತಿನ್ನದೆ ಯಾರೂ ಅಲ್ಲಿಂದ ಹೊರಡುವುದಿಲ್ಲ. ಆದರೆ ಪೆಡಲ್ ಬಿಚ್ಚಿ ಸೈಕಲ್ ಕಟ್ಟುವ ಕೆಲಸ ಮೊದಲು ಮುಗಿಸಿ. ವಡೆಯ ಎಣ್ಣೆ ಮೆತ್ತಿದ ಕೈಯಲ್ಲಿ ಸ್ಪ್ಯಾನರ್ ನಿಲ್ಲುವುದಿಲ್ಲ.