ಬಾಯಿ ಮುಚ್ಚಿಕೊಂಡು ನಿಲ್ಲೋದನ್ನು ಕಲಿತೆ

ನಾನು ಮಕ್ಕಳಿಗೆ ಬ್ಯಾಡ್ಮಿಂಟನ್ ಹೇಳಿಕೊಡುತ್ತೇನೆ. ಮೊದಲೆಲ್ಲ ಕೋರ್ಟ್ ಪಕ್ಕ ನಿಂತು ಒಂದೇ ಸಮನೆ ಕೂಗುತ್ತಿದ್ದೆ. ಮೊಣಕೈ ಎತ್ತು, ಕಾಲು ಮುಂದಿಡು, ಬೇಗ ವಾಪಸ್ ಬಾ. ಗಂಟಲು ಕಟ್ಟಿದ ದಿನ ಚೆನ್ನಾಗಿ ಕಲಿಸಿದೆ ಅಂತ ಖುಷಿ ಬೇರೆ. ಒಂದು ಪಂದ್ಯದಲ್ಲಿ ನನ್ನ ಹುಡುಗನೊಬ್ಬ ಪಾಯಿಂಟ್ ಹೋದಾಗೆಲ್ಲ ತಿರುಗಿ ನನ್ನ ಮುಖ ನೋಡುತ್ತಿದ್ದ. ಶಟಲ್ ಎಲ್ಲಿ ಬಿತ್ತು ಅಂತ ನೋಡಲೇ ಇಲ್ಲ. ನೋಡಬೇಕಾದ್ದನ್ನೆಲ್ಲ ಅವನ ಬದಲು ನಾನೇ ನೋಡುತ್ತಿದ್ದೆ, ಅಲ್ವಾ?

ಆಮೇಲೆ ಓದಿದಾಗ ಗೊತ್ತಾಯಿತು, ಸಾಲ್ಮೋನಿ, ಶ್ಮಿಟ್, ವಾಲ್ಟರ್ ಅನ್ನುವ ಸಂಶೋಧಕರು 1984ರಲ್ಲೇ ಇದನ್ನು ಬರೆದಿದ್ದಾರೆ. ಪ್ರತಿ ಪ್ರಯತ್ನಕ್ಕೂ ಸರಿ, ತಪ್ಪು ಅಂತ ಹೇಳುತ್ತಾ ಹೋದರೆ ಆ ಹೊತ್ತಿಗೆ ಸುಧಾರಿಸಿದ ಹಾಗೆ ಕಾಣುತ್ತದೆ, ಹೇಳುವವರು ಇಲ್ಲದಾಗ ಕಲಿತದ್ದು ಕೈ ಕೊಡಬಹುದು.

ಸರಿ, ಎಲ್ಲರಿಗೂ ಒಂದೊಂದು ನೋಟ್‌ಬುಕ್ ಕೊಟ್ಟೆ. ಅಭ್ಯಾಸ ಮುಗಿದ ಮೇಲೆ ಹೇಗಾಯಿತು ಅಂತ ಬರೆಯಿರಿ ಅಂದೆ. ಎರಡು ವಾರ ಎಲ್ಲರದ್ದೂ ಒಂದೇ ಪಾಠ: 'ಚೆನ್ನಾಗಿತ್ತು, ಇನ್ನೂ ಪ್ರಯತ್ನ ಪಡಬೇಕು.' ನನ್ನ ತಪ್ಪೇ. ಕೆಂಪು ಪೆನ್ನು ಹಿಡಿದು ತಿದ್ದುತ್ತಿದ್ದೆ, ಅವರು ನನಗೆ ಇಷ್ಟವಾಗೋದನ್ನು ಬರೆಯುತ್ತಿದ್ದರು. ಒಬ್ಬಳಂತೂ ಪುಟ ತುಂಬಾ ತನ್ನನ್ನೇ ಬೈದುಕೊಂಡಿದ್ದಳು. ಅದನ್ನು ಓದಿ ನಿಜಕ್ಕೂ ಹೆದರಿದೆ.

ಆಮೇಲೆ ಪೆನ್ನು ಒಳಗಿಟ್ಟು ಬರೀ ಲೆಕ್ಕಕ್ಕೆ ಇಳಿದೆ. ಶಾರ್ಟ್ ಸರ್ವ್, ಅಂದರೆ ನೆಟ್ ದಾಟಿ ಹತ್ತಿರದಲ್ಲೇ ಬೀಳುವ ಸರ್ವ್, ಅದರ ಅಭ್ಯಾಸಕ್ಕೆ ಮೊದಲು ಕೇಳುತ್ತೇನೆ, 20ರಲ್ಲಿ ಎಷ್ಟು ಸರಿಯಾಗಿ ಬೀಳುತ್ತೆ? ಅದೇ ಹುಡುಗ 15 ಅಂತ ಬರೆದ, ಬಿದ್ದದ್ದು 9. ಯಾಕೆ ಅಂತ ನಾನು ಕೇಳಲಿಲ್ಲ. ಯಾಕೆ ಅಂದರೆ ಮಕ್ಕಳು ಸಬೂಬು ಹುಡುಕುತ್ತಾರೆ, ದೊಡ್ಡವರೂ ಅಷ್ಟೇ ಬಿಡಿ. ಉಳಿದ 11 ಎಲ್ಲಿ ಹೋದವು ಅಂತ ಕೇಳಿದೆ. ಗೊತ್ತಿಲ್ಲ ಅಂದ. ಇನ್ನೊಂದು ಸಲ ಹೊಡಿ, ಈ ಸಲ ನೋಡು ಅಂದೆ. ಹೆಚ್ಚಿನವು ನೆಟ್‌ಗೆ ಬಡಿಯುತ್ತಿದ್ದವು. ಮೂರನೇ ಸುತ್ತಿನ ನಡುವೆ ಅವನೇ ನಿಂತು, ಶಟಲ್ ಬಿಡುವ ಮೊದಲೇ ರ‍್ಯಾಕೆಟ್ ಬೀಸುತ್ತಿದ್ದೇನೆ ಸರ್ ಅಂದ. ಅದು ನನಗೆ ತಿಂಗಳಿಂದ ಗೊತ್ತಿತ್ತು, ನೂರು ಸಲ ಹೇಳಿಯೂ ಇದ್ದೆ.

ತನ್ನನ್ನು ಬೈದುಕೊಳ್ಳುತ್ತಿದ್ದ ಹುಡುಗಿಗೂ ಇದೇ ನಿಯಮ: ಕಣ್ಣಿಗೆ ಕಂಡದ್ದು ಒಂದು ಸಾಲು, ನಾಳೆ ಬದಲಿಸೋದು ಒಂದು ಸಾಲು, ಅಲ್ಲಿಗೆ ಪುಸ್ತಕ ಮುಚ್ಚು. ನಾನೂ ಒಂದು ಪುಸ್ತಕ ಇಟ್ಟಿದ್ದೇನೆ, 'ಇವತ್ತು ಮತ್ತೆ ಜಾಸ್ತಿ ಮಾತಾಡಿದೆ' ಅನ್ನುವ ಸಾಲನ್ನು ಮಕ್ಕಳು ಓದಿ ನಗುತ್ತಾರೆ.

ತೀರಾ ಹೊಸಬರಿಗೆ ಇದು ಆಗುವುದಿಲ್ಲ. ರ‍್ಯಾಕೆಟ್ ಹಿಡಿಯಲು ಬಾರದ ಮಗುವನ್ನು ನಿನಗೇನನ್ನಿಸಿತು ಅಂತ ಕೇಳಿದರೆ ಸುಮ್ನೆ ಕಾಲಹರಣ. ಅವರಿಗೆ ತೋರಿಸಿಯೇ ಕೊಡಬೇಕು.

ಪಂದ್ಯದಲ್ಲಿ ಒಬ್ಬರು 11 ಪಾಯಿಂಟ್ ಮುಟ್ಟಿದಾಗ 60 ಸೆಕೆಂಡ್ ಬಿಡುವು ಸಿಗುತ್ತದೆ. ಹಿಂದೆ ಅಷ್ಟರಲ್ಲೇ ಏಳೆಂಟು ಸೂಚನೆ ತುರುಕುತ್ತಿದ್ದೆ. ಈಗ ನೀರಿನ ಬಾಟಲಿ ಕೊಟ್ಟು, ಆ ಕಡೆಯವರು ಏನು ಮಾಡುತ್ತಿದ್ದಾರೆ ಅಂತ ಒಂದೇ ಪ್ರಶ್ನೆ ಕೇಳುತ್ತೇನೆ. ಕೆಲವು ಸಲ ಉತ್ತರ ಬರುವಷ್ಟರಲ್ಲಿ ಅಂಪೈರ್ ಕರೆದುಬಿಡುತ್ತಾರೆ. ಕರೆಯಲಿ, ಉತ್ತರ ಅವನ ಜೊತೆಗೇ ಕೋರ್ಟ್‌ಗೆ ಹೋಗುತ್ತದೆ.